ಸೇತ್ವಾರು, ಖಸ್ರಾ, ಪಹಣಿ: ಒಂದು ಹೊಲದ ಮೂರು ಬರಹಗಳು

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಯಾವುದಾದರೂ ಒಂದು ಹೊಲದ ಕಾಗದಪತ್ರ ಹಿಡಿದು ಹಿಂದಕ್ಕೆ ನಡೆದರೆ, ನೂರು ವರ್ಷದ ದಾರಿಯಲ್ಲಿ ಎರಡು ಲಿಪಿ, ಎರಡು ನಾಣ್ಯ, ಎರಡು ಕಾಲಗಣನೆ ಮತ್ತು ಮೂರು ಆಡಳಿತ ಎದುರಾಗುತ್ತವೆ. ಇವತ್ತು ನಾಡಕಚೇರಿಯಲ್ಲಿ ಸಿಗುವ ಪಹಣಿ ಕಂಪ್ಯೂಟರಿನಿಂದ ಬರುವ ಕನ್ನಡದ ಹಾಳೆ. ಅದರ ಹಿಂದೆ ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದ ಪಹಣಿ ಪುಸ್ತಕಗಳಿವೆ. ಅವುಗಳ ಹಿಂದೆ 1954-55ರ ಖಸ್ರಾ ಪಹಣಿ, ಅದರ ಹಿಂದೆ ನಿಜಾಮರ ಕಾಲದ ಉರ್ದು ಸೇತ್ವಾರು. ಹೊಲ ಅದೇ, ಬದು ಅದೇ, ಸರ್ವೆ ನಂಬರೂ ಬಹುಮಟ್ಟಿಗೆ ಅದೇ. ಆದರೆ ಒಂದು ಬರಹದಿಂದ ಇನ್ನೊಂದಕ್ಕೆ ದಾಟುವಾಗ ಆ ಹೊಲದ ಬಗ್ಗೆ ತಿಳಿದಿದ್ದೆಲ್ಲ ದಾಟಲಿಲ್ಲ. ಗುಮಾಸ್ತರ ಅಜಾಗರೂಕತೆ, ಲಂಚ, ಧೂಳು, ಗೆದ್ದಲು ಇದಕ್ಕೆ ಕಾರಣವೆಂದು ಹೇಳುವುದು ರೂಢಿ. ಅವೆಲ್ಲ ಇದ್ದವು, ನಿಜ. ಆದರೆ ಅವೊಂದೂ ಇಲ್ಲದಿದ್ದರೂ ನಷ್ಟ ಆಗಿಯೇ ತೀರುತ್ತಿತ್ತು ಎಂಬುದು ನನ್ನ ವಾದ. ಹೊಸ ನಮೂನೆಯಲ್ಲಿ ಯಾವುದಕ್ಕೆ ಕಾಲಂ ಇದೆಯೋ ಅದು ಮಾತ್ರ ದಾಟುತ್ತದೆ. ಒಂದು ಸಂಗತಿ ಇನ್ನೊಂದನ್ನು ಆತುಕೊಂಡು ನಿಂತಿದ್ದ ಆ ಆಸರೆ ಮಾತ್ರ ಹಿಂದೆಯೇ ಉಳಿದುಬಿಡುತ್ತದೆ.

ಮೊದಲು ಸೇತ್ವಾರಿನ ಹುಟ್ಟು. ತುಂಗಭದ್ರೆ ಮತ್ತು ಕೃಷ್ಣೆಯ ನಡುವಿನ ರಾಯಚೂರು ದೋಆಬವನ್ನು 1853ರಲ್ಲಿ ನಿಜಾಮರು ಸಾಲದ ಬಾಬ್ತು ಬ್ರಿಟಿಷರಿಗೆ ಬಿಟ್ಟುಕೊಟ್ಟರು. 1860ರಲ್ಲಿ ಅದು ಹಿಂದಿರುಗಿತು. ಆ ಹೊತ್ತಿಗೆ ಹೈದರಾಬಾದಿನ ದಿವಾನಗಿರಿ ಮೊದಲನೆಯ ಸಾಲಾರ್ ಜಂಗರ ಕೈಯಲ್ಲಿತ್ತು. ಕಂದಾಯವನ್ನು ಗುತ್ತಿಗೆ ಹಿಡಿದು ಸುಲಿಯುವ ಪದ್ಧತಿಯನ್ನು ಅವರು ತೆಗೆದುಹಾಕಿದರು, 1865ರಲ್ಲಿ ಜಿಲ್ಲೆಗಳ ವ್ಯವಸ್ಥೆ ತಂದರು, ಆಮೇಲೆ ಬೊಂಬಾಯಿಯ ಮಾದರಿಯಲ್ಲಿ ಹೊಲದಿಂದ ಹೊಲಕ್ಕೆ ಅಳತೆ ಆರಂಭವಾಯಿತು. ಸೇತ್ವಾರು ಎಂಬ ಮಾತೇ ಅದು ಬಂದ ದಾರಿ ಹೇಳುತ್ತದೆ: ಮರಾಠಿಯ ‘ಶೇತ’, ಅಂದರೆ ಹೊಲ; ಹೊಲವಾರು ಬರೆದ ಪಟ್ಟಿ ಅದು. ಪಹಣಿಯೂ ಮರಾಠಿಯ ನೋಡುವಿಕೆಯಿಂದ, ಅಂದರೆ ಹೊಲಕ್ಕೆ ಹೋಗಿ ಕಣ್ಣಾರೆ ಕಾಣುವುದರಿಂದ ಬಂದ ಮಾತು. ಮರಾಠಿಯ ಮಾತನ್ನು ಉರ್ದು ಅಕ್ಷರದಲ್ಲಿ ಬರೆದು ಕನ್ನಡದ ಹೊಲಕ್ಕೆ ಅಂಟಿಸಿದ್ದು ಈ ಸೀಮೆಯ ಕಂದಾಯದ ಚರಿತ್ರೆ. ಸೇತ್ವಾರಿನಲ್ಲಿ ಇದ್ದದ್ದು ಸರ್ವೆ ನಂಬರು, ಎಕರೆ ಗುಂಟೆ, ಆಕಾರ (ಹೊಲಕ್ಕೆ ಕಟ್ಟಿದ ಕಂದಾಯ), ಪಟ್ಟಾದಾರನ ಹೆಸರು, ಇಷ್ಟೇ. ಅದು ಒಂಟಿಯಾಗಿ ಓದುವ ಪುಸ್ತಕವಾಗಿರಲಿಲ್ಲ. ಬದುವಿನ ಅಳತೆಗೆ ಟಿಪ್ಪಣಿ ನೋಡಬೇಕು, ನೆರೆಹೊರೆಗೆ ಊರ ನಕಾಶೆ, ಯಾರು ಕಂದಾಯ ಕಟ್ಟಿದರು ಎಂಬುದಕ್ಕೆ ವಸೂಲ್ ಬಾಕಿ, ಯಾರ ಹೆಸರು ಯಾಕೆ ಬದಲಾಯಿತು ಎಂಬುದಕ್ಕೆ ಫೈಸಲ್ ಪಟ್ಟಿ. ಒಂದು ಇನ್ನೊಂದನ್ನು ಕರೆಯುತ್ತಿತ್ತು. ಇವನ್ನೆಲ್ಲ ಕೂಡಿಸಿ ಓದಬಲ್ಲವನು ಊರಿನ ಲೆಕ್ಕ ಬರೆಯುವ ಪಟವಾರಿ. ಬರೆಯದೆ ಉಳಿದದ್ದು ಅವನ ನೆನಪಿನಲ್ಲಿತ್ತು.

ನಷ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಕ್ಷರದಲ್ಲಿ. ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ 1880ರ ದಶಕದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ; ಓದುವವನಿಗೆ ಮಾತು ಮೊದಲೇ ಗೊತ್ತಿರುತ್ತದೆ ಎಂದು ಆ ಬರಹ ನಂಬುತ್ತದೆ. ವಾವ್ ಎಂಬ ಒಂದೇ ಅಕ್ಷರ ವ, ಊ, ಓ, ಔಗಳಿಗೆಲ್ಲ ಸಲ್ಲುತ್ತದೆ. ಳ ಮತ್ತು ಣಗಳಿಗೆ ಬೇರೆ ಅಕ್ಷರವೇ ಇಲ್ಲ. ಲ ಮತ್ತು ನಗಳೇ ಆ ಕೆಲಸ ಮಾಡಬೇಕು. ಸಜಾತೀಯ ಒತ್ತಕ್ಷರಕ್ಕೆ ತಷ್ದೀದ್ ಎಂಬ ಗುರುತಿದ್ದರೂ ಅವಸರದ ಕಚೇರಿ ಬರಹದಲ್ಲಿ ಅದನ್ನು ಹಾಕುವವರು ಕಡಿಮೆ. ಹೀಗಾಗಿ ಬಾಳಪ್ಪನೂ ಬಾಲಪ್ಪನೂ ಕಾಗದದ ಮೇಲೆ ಒಬ್ಬನೇ ಆಗುತ್ತಾರೆ. ಕೋಳೂರು, ಕೊಲ್ಲೂರು, ಕೂಲೂರು ಒಂದೇ ಆಕಾರ ತಳೆಯಬಲ್ಲವು. ಮಾನ್ವಿ ತಾಲ್ಲೂಕಿನ ಹಳೆಯ ಹೋಬಳಿಯಾದ ಕವಿತಾಳವನ್ನು ಉರ್ದುವಿನಲ್ಲಿ ಬರೆದು, ಆ ಸೀಮೆ ಕಾಣದವನೊಬ್ಬನಿಗೆ ಓದಲು ಕೊಟ್ಟರೆ ಅವನು ಕೊಯಿತಾಲ್ ಎಂದಾನು, ಕವೀತಾಲ್ ಎಂದಾನು, ಎರಡೂ ತಪ್ಪಲ್ಲ. ತಾಲ್ಲೂಕು ಕೇಂದ್ರದ ಹೆಸರನ್ನೇ ಇಂದಿಗೂ ಮಾನ್ವಿ, ಮಾನವಿ ಎಂದು ಎರಡು ಬಗೆಯಲ್ಲಿ ಬರೆಯುತ್ತಾರೆ. ಈ ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಉರ್ದು ಬರಹದಿಂದ ಯಾವ ನೆರವೂ ಸಿಗುವುದಿಲ್ಲ.

ಇದು ಉರ್ದುವಿನ ದೋಷವಲ್ಲ. ಆ ಲಿಪಿ ತನ್ನ ಭಾಷೆಗೆ ಚೆನ್ನಾಗಿಯೇ ಒದಗುತ್ತದೆ. ಉರ್ದುವಿನ ಖ಼, ಗ಼, ಜ಼ ಧ್ವನಿಗಳನ್ನು ಕನ್ನಡಕ್ಕೆ ತಂದಾಗ ನಾವೂ ಅಷ್ಟೇ ಕಳೆಯುತ್ತೇವೆ. ಗಮನಿಸಬೇಕಾದದ್ದು ಬೇರೆ. ಕನ್ನಡದ ಹೆಸರು ಉರ್ದುವಿಗೆ ಹೋದಾಗ ಳ ಮತ್ತು ಲದ ಭೇದ ಅಳಿಯಿತು. ಅದೇ ಹೆಸರನ್ನು ಮತ್ತೆ ಕನ್ನಡಕ್ಕೆ ತಂದಾಗ ಆ ಭೇದ ತಾನಾಗಿ ಹುಟ್ಟಿಬರಲಿಲ್ಲ. ದಾರಿ ಒಮ್ಮುಖದ್ದು. ಹಿಂದಿರುಗಿಸಬೇಕಾದರೆ ಕಾಗದದ ಹೊರಗಿನ ತಿಳಿವಳಿಕೆ ಬೇಕು: ಆ ಊರಲ್ಲಿ ಬಾಳಪ್ಪ ಎಂಬವನಿದ್ದನು, ಬಾಲಪ್ಪನಿರಲಿಲ್ಲ ಎಂದು ಹೇಳುವ ಒಬ್ಬ ಮನುಷ್ಯ ಬೇಕು.

ಕಾಲಗಣನೆ ಅಕ್ಷರದಷ್ಟು ತೊಡಕಿನದಲ್ಲ ಎಂದು ಮೇಲುನೋಟಕ್ಕೆ ತೋರುತ್ತದೆ. ಕಂದಾಯದ ವರ್ಷವಾದ ಫಸಲಿಯ ಸಂಖ್ಯೆಗೆ 590 ಕೂಡಿಸಿದರೆ ಇಸವಿ ಬಂತು ಎನ್ನುವ ಸೂತ್ರ ಎಲ್ಲ ವಕೀಲರಿಗೂ ಗೊತ್ತು. ಆದರೆ ಹೈದರಾಬಾದಿನ ಫಸಲಿ ವರ್ಷ ಆಜೂರ್ ತಿಂಗಳಲ್ಲಿ, ಅಂದರೆ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾಯ್ದೆಯ ವರ್ಷ 1907ರ ಅಕ್ಟೋಬರಿನಿಂದ 1908ರ ಅಕ್ಟೋಬರಿನವರೆಗೆ ಹರಡಿದೆ. ಜಾಗೀರು ರದ್ದತಿಯ ರೆಗ್ಯುಲೇಷನ್ 1358 ಫಸಲಿಯದು. ಅದು ಬಂದದ್ದು 1949ರ ಆಗಸ್ಟಿನಲ್ಲಿ, ಹಾಗಾಗಿ ಅಲ್ಲಿ 591 ಕೂಡಿಸಬೇಕು. ತಿಂಗಳು ಬರೆಯದೆ ಬರೀ ಫಸಲಿ ಬರೆದಿದ್ದರೆ ಎರಡು ಇಸವಿಗಳಲ್ಲಿ ಯಾವುದೂ ಆಗಬಹುದು. ತುಂಗಭದ್ರೆಯ ಆಚೆ ದಡದ ಆದೋನಿ, ಮಂತ್ರಾಲಯದ ಸೀಮೆ ಮದ್ರಾಸ್ ಸರ್ಕಾರದ್ದು. ಅಲ್ಲಿಯೂ ಫಸಲಿ ನಡೆಯುತ್ತಿತ್ತು, ಸಂಖ್ಯೆಯೂ ಅದೇ. ಆದರೆ ವರ್ಷ ಹುಟ್ಟುತ್ತಿದ್ದದ್ದು ಜುಲೈಯಲ್ಲಿ. ಹೊಳೆಯ ಈಚೆ ದಡದ ಚೀಕಲಪರ್ವಿಯ ಕಾಗದಕ್ಕೂ ಆಚೆ ದಡದ ಕಾಗದಕ್ಕೂ ಒಂದೇ ಫಸಲಿ ಬರೆದಿದ್ದರೆ, ಅವೆರಡೂ ಒಂದೇ ಸುಗ್ಗಿಯವೆಂದು ಹೇಳುವಂತಿಲ್ಲ. ಯಾವ ಸರ್ಕಾರದ ಫಸಲಿ ಎಂಬುದನ್ನು ಆ ಕಾಗದದಲ್ಲಿ ಯಾರೂ ಬರೆಯಲಿಲ್ಲ. ಬರೆದವನಿಗೂ ಓದಿದವನಿಗೂ ಅದು ಗೊತ್ತೇ ಇತ್ತು.

ನಾಣ್ಯದ್ದೂ ಹೀಗೆಯೇ. ಆಕಾರವನ್ನು ಬರೆದದ್ದು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ. ಏಳು ಹಾಲಿ ರೂಪಾಯಿಗೆ ಆರು ಕಂಪನಿ, ಅಂದರೆ ಬ್ರಿಟಿಷ್, ರೂಪಾಯಿ. ನೂರು ಕಂಪನಿ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಒಂದು ಹಾಲಿ ರೂಪಾಯಿಯನ್ನು ಬದಲಿಸಿದರೆ 13 ಆಣೆ 8 ಪೈ ಬರುತ್ತದೆ, ಮೇಲೆ ಅರ್ಧ ಪೈಗಿಂತ ತುಸು ಹೆಚ್ಚು ಉಳಿಯುತ್ತದೆ. ಆ ಉಳಿಕೆಯನ್ನು ಎಲ್ಲಿಯಾದರೂ ಸೇರಿಸಬೇಕು ಅಥವಾ ಬಿಡಬೇಕು. 1950ರ ದಶಕದಲ್ಲಿ ಹಾಲಿ ಸಿಕ್ಕಾ ಚಲಾವಣೆಯಿಂದ ಹೋಯಿತು. 1957ರಲ್ಲಿ ನಯಾಪೈಸೆ ಬಂದು ಆಣೆಯೂ ಹೋಯಿತು. ಆಣೆ ಹೋದದ್ದು ಹಣದ ಸಂಗತಿ ಮಾತ್ರವಲ್ಲ, ಏಕೆಂದರೆ ಹೊಲದ ಪಾಲನ್ನೂ ಆಣೆಯಲ್ಲೇ ಹೇಳುವ ವಾಡಿಕೆ ಇತ್ತು. ಇಡೀ ಹೊಲ ಹದಿನಾರಾಣೆ. ಮೂವರು ಅಣ್ಣತಮ್ಮಂದಿರು ಬೇರೆಯಾದರೆ ತಲೆಗೆ 5 ಆಣೆ 4 ಪೈ, ಒಂದು ಪೈಯೂ ಉಳಿಯದಂತೆ. ಒಂದು ಎಕರೆಯ 40 ಗುಂಟೆಯೂ 13 ಗುಂಟೆ 5 ಆಣೆ 4 ಪೈ ಎಂದು ನೇರವಾಗಿ ಒಡೆಯುತ್ತದೆ. ಅದನ್ನು ದಶಮಾನಕ್ಕೆ ಇಳಿಸಿದರೆ 13.33 ಮೂರು ಸಲ ಸೇರಿ 39.99, ಉಳಿದದ್ದು ಒಬ್ಬನ ಹೆಸರಿಗೆ ಹೋಗಬೇಕು, ಇಲ್ಲವೇ ಯಾರಿಗೂ ಇಲ್ಲದೆ ನಿಲ್ಲಬೇಕು. ಹಾಗೆಂದು ಆಣೆಯೇ ಶ್ರೇಷ್ಠ ಎನ್ನಲಾರೆ. ಐವರು ಅಣ್ಣತಮ್ಮಂದಿರಿದ್ದರೆ ದಶಮಾನದಲ್ಲಿ ಪಾಲು ಸಲೀಸು, ಆಣೆ ಪೈಯಲ್ಲಿ ಉಳಿಕೆ ಬಿಡುತ್ತದೆ. ಒಂದೊಂದು ಅಳತೆಗೂ ತನಗೆ ಒಗ್ಗುವ ಪಾಲುಗಳಿವೆ, ಒಗ್ಗದ ಪಾಲುಗಳಿವೆ. ಒಂದರಲ್ಲಿ ನಿಖರವಾಗಿದ್ದದ್ದು ಇನ್ನೊಂದರಲ್ಲಿ ಅಂದಾಜು ಆಗುತ್ತದೆ. ಹಾಗೆ ಅಂದಾಜಾದದ್ದು ಮುಂದಿನ ಬರಹಕ್ಕೆ ನಿಖರವೆಂಬ ವೇಷದಲ್ಲಿ ಹೋಗುತ್ತದೆ.

ಇವೆಲ್ಲಕ್ಕಿಂತ ಆಳವಾದ ನಷ್ಟ ಇನಾಂ ಭೂಮಿಯದು. ಹೈದರಾಬಾದಿನಲ್ಲಿ ಇನಾಂ ವಿಚಾರಣೆ ನಡೆಸಲು ಅತಿಯಾತ್ ಎಂಬ ಇಲಾಖೆ ಇತ್ತು. ವಿಚಾರಣೆ ಮುಗಿದ ಮೇಲೆ ಅದು ಕೊಡುತ್ತಿದ್ದ ಪತ್ರದ ಹೆಸರು ಮುಂತಖಬ್. ಅದರಲ್ಲಿ ಭೂಮಿ ಯಾರದು ಎಂಬುದರ ಜೊತೆಗೆ ಯಾಕೆ ಅವರದು ಎಂಬುದೂ ಇರುತ್ತಿತ್ತು. ಮಸೀದಿಗೆ ದೀಪ, ಗುಡಿಗೆ ಪೂಜೆ, ದರ್ಗಾದ ಉರುಸು, ಊರಿನ ನೀರು ಬಿಡುವ ಚಾಕರಿ, ತಳವಾರಿಕೆ: ಹೊಲ ಆ ಕರ್ತವ್ಯಕ್ಕೆ ಕಟ್ಟಿಕೊಂಡಿತ್ತು, ಕರ್ತವ್ಯ ನಿಂತರೆ ಹಕ್ಕೂ ನಿಲ್ಲಬೇಕು. ಜಾಗೀರುಗಳು 1949ರಲ್ಲಿ ಹೋದವು. ಇನಾಂ ರದ್ದತಿಯ ಕಾಯ್ದೆ 1955ರದು. ಅವು ಹೋಗಬೇಕಾದವೇ. ಸಂಸ್ಥಾನದ ನೆಲದಲ್ಲಿ ದೊಡ್ಡ ಪಾಲು ಜಾಗೀರುದಾರರ, ಪಾಯಗಾ ಮನೆತನಗಳ ಮತ್ತು ನಿಜಾಮರ ಸ್ವಂತ ಆಸ್ತಿಯಾದ ಸರ್ಫೇಖಾಸಿನ ಕೈಯಲ್ಲಿದ್ದ ಆ ವ್ಯವಸ್ಥೆಗೆ ಮರುಗುವ ಕಾರಣವಿಲ್ಲ. ಆದರೆ ಇನಾಂ ಹೊಲ ರೈತವಾರಿ ನಮೂನೆಗೆ ಬಂದಾಗ ಒಂದು ಹೆಸರು, ಒಂದು ವಿಸ್ತೀರ್ಣ, ಒಂದು ಆಕಾರ ಬಂದವು. ‘ಯಾವುದಕ್ಕಾಗಿ’ ಎಂಬುದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಯಾವ ಗುಡಿಯ ದೀಪಕ್ಕೆ ಯಾವ ಹೊಲ, ಯಾವ ಚಾಕರಿ ಮಾಡಿದ ಮನೆತನಕ್ಕೆ ಯಾವ ತುಂಡು ಎಂಬ ಪ್ರಶ್ನೆ ಬಂದಾಗ ಪಹಣಿ ಮೂಕವಾಗುತ್ತದೆ. ಮುಂತಖಬ್ ಉಳಿದಿದ್ದರೆ ಉತ್ತರ ಉಂಟು, ಇಲ್ಲದಿದ್ದರೆ ಇಲ್ಲ.

ಉಳುವವನ ಹೆಸರಿನದೂ ಹೀಗೆಯೇ. 1950ರ ಹೈದರಾಬಾದ್ ಗೇಣಿ ಕಾಯ್ದೆ ರಕ್ಷಿತ ಗೇಣಿದಾರ ಎಂಬ ಹಕ್ಕುದಾರನನ್ನು ಗುರುತಿಸಿತು. 1954-55ರ ಖಸ್ರಾ ಪಹಣಿಗೆ ನ್ಯಾಯಾಲಯಗಳಲ್ಲಿ ಇಂದಿಗೂ ತೂಕವಿರುವುದಕ್ಕೆ ಒಂದು ಕಾರಣವಿದೆ: ಜಾಗೀರು ಅಳಿದು, ಗೇಣಿ ಕಾಯ್ದೆ ಜಾರಿಯಾಗುತ್ತಿದ್ದ ಕಾಲದಲ್ಲಿ ಪಟ್ಟಾ ಯಾರದು, ಸ್ವಾಧೀನ ಯಾರದು ಎಂಬೆರಡನ್ನೂ ಊರೂರಿಗೆ ದಾಖಲಿಸಿದ ಬರಹ ಅದು. ಎರಡೇ ವರ್ಷದಲ್ಲಿ, 1956ರ ನವೆಂಬರ್ 1ರಂದು, ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರದೇ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯ ದಫ್ತರು ಎರಡು ರಾಜ್ಯಗಳಿಗೆ ಹಂಚಿಹೋಯಿತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ಕೊನೆಗೊಳಿಸಿತು. 1964ರ ಏಪ್ರಿಲಿನಿಂದ ಹೊಸ ಭೂಕಂದಾಯ ಕಾಯ್ದೆ ಜಾರಿಗೆ ಬಂದು ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಪಹಣಿ ಆಯಿತು. ಪಟವಾರಿ ಮನೆತನಗಳ ದರ್ಪ ಮುಗಿದದ್ದು ಬಡ ರೈತನಿಗೆ ದೊಡ್ಡ ಬಿಡುಗಡೆ. ಅದೇ ಹೊತ್ತಿನಲ್ಲಿ, ಉರ್ದು ಸೇತ್ವಾರನ್ನೂ ಊರ ಬದುವನ್ನೂ ಕೂಡಿಸಿ ಓದಬಲ್ಲ ಕಣ್ಣು ಕಚೇರಿಯಿಂದ ಹೊರಗೆ ಹೋಯಿತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಸೇತ್ವಾರಿನಿಂದ ಖಸ್ರಾಕ್ಕೆ, ಖಸ್ರಾದಿಂದ ಕೈಬರಹದ ಪಹಣಿಗೆ ಆದ ಮೇಲೆ, ಮೂರನೆಯ ದಾಟು ಭೂಮಿ ಯೋಜನೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿಗೆ ಯಾರು ಬೇಕಾದರೂ ನಕಲು ಪಡೆಯಬಹುದಾಯಿತು. ಇದರ ಹಿರಿಮೆಯನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ‘ಮೂರು ಒಂಬತ್ತರ ವ್ಯತ್ಯಾಸ’ ಎಂಬ ಮಾತು ಆಮೇಲೆ ಎಲ್ಲ ರೈತರ ಬಾಯಿಗೂ ಬಂತು. ಮೂರನೆಯ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಒಂಬತ್ತನೆಯದರಲ್ಲಿ ಕಬ್ಜೆದಾರರ ಹೆಸರು ಮತ್ತು ಅವರವರ ವಿಸ್ತೀರ್ಣ. ಒಂಬತ್ತನೆಯದನ್ನು ಕೂಡಿಸಿದರೆ ಮೂರನೆಯದಕ್ಕೆ ತಾಳೆಯಾಗಬೇಕು, ಆಗದಿದ್ದರೆ ಕೆಲಸ ಮುಂದಕ್ಕೆ ಹೋಗದು. ಕೈಬರಹದ ಪಹಣಿಯಲ್ಲಿ ಈ ವ್ಯತ್ಯಾಸ ದಶಕಗಳ ಕಾಲ ಸುಮ್ಮನೆ ಬದುಕಿತ್ತು. ಹಳ್ಳ ಕೊಚ್ಚಿದ ನೆಲ, ಖರಾಬು, ಪೋಡಿಯಾಗದೆ, ಅಂದರೆ ಅಳೆದು ಬೇರೆ ನಂಬರಾಗದೆ, ‘ಪೈಕಿ’ ಎಂದೇ ಉಳಿದ ಪಾಲು, ಒಬ್ಬರು ಮಾರಿದ್ದು ಇನ್ನೊಬ್ಬರ ಹೆಸರಿನಿಂದ ಕಳೆಯದೆ ಉಳಿದದ್ದು: ಕಾರಣ ಏನೇ ಇರಲಿ, ಷರಾದ ಮೂಲೆಯಲ್ಲಿ ಒಂದು ಸಾಲು ಬರೆದು ಮುಂದುವರಿಯುತ್ತಿದ್ದರು. ಕಾಗದ ವಿರೋಧವನ್ನು ಹೊತ್ತುಕೊಳ್ಳಬಲ್ಲದು, ಕೋಷ್ಟಕ ಹೊರಲಾರದು. ಕಂಪ್ಯೂಟರು ಆ ತಪ್ಪನ್ನು ಹುಟ್ಟಿಸಲಿಲ್ಲ, ಹೊರಗೆ ತಂದಿತು. ಆದರೆ ತಪ್ಪು ಬಂದ ದಾರಿಯನ್ನು ಹೇಳುತ್ತಿದ್ದ ಷರಾ ಮಾತ್ರ ತಪ್ಪಿನಷ್ಟು ಶ್ರದ್ಧೆಯಿಂದ ದಾಟಿ ಬರಲಿಲ್ಲ.

ಇದು ಹಳ್ಳಿಗಾಡಿನ ದಫ್ತರದ ತೊಂದರೆ ಮಾತ್ರ ಎಂದುಕೊಂಡವರು ಸಾಫ್ಟ್‌ವೇರ್ ಬರೆಯುವವರ ಕಡೆಗೂ ನೋಡಬೇಕು. ಪೈಥಾನ್ ಭಾಷೆಯಲ್ಲಿ ಬರೆದದ್ದನ್ನು ಹಂಚಲು ಒಂದಾದ ಮೇಲೊಂದು ನಮೂನೆ ಬಂದವು: 2000ರಲ್ಲಿ ಡಿಸ್ಟ್‌ಯುಟಿಲ್ಸ್, 2004ರಲ್ಲಿ ಎಗ್, 2012ರಲ್ಲಿ ವ್ಹೀಲ್. ಹಳೆಯ ಎಗ್ಗನ್ನು ವ್ಹೀಲಿಗೆ ಪರಿವರ್ತಿಸುವ ಸಾಧನವೂ ಇದೆ. ಆದರೆ ಪೈಥಾನಿನ ಯಾವ ಒಳಕಟ್ಟಿಗೆ ಈ ಕಡತ ಹೊಂದುತ್ತದೆ ಎಂಬ ಗುರುತು ವ್ಹೀಲಿನ ಹೆಸರಿನಲ್ಲೇ ಇರಬೇಕು. ಎಗ್ಗಿನ ಹೆಸರಿನಲ್ಲಿ ಆ ಗುರುತಿಗೆ ಜಾಗವಿರಲಿಲ್ಲ. ಹಾಗಾಗಿ ಪರಿವರ್ತಿಸುವ ಸಾಧನ ಅದನ್ನು ಊಹಿಸಿ ತುಂಬುತ್ತದೆ. ವ್ಹೀಲನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಕಟ್ಟಿಗೆ ಬದಲಿಸಲು ಹೋದರೆ ಹೆಸರುಗಳೇ ಹೊಂದುವುದಿಲ್ಲ. ಒಂದು ಕಡೆ ಪೈಯಾಮಲ್ ಆದದ್ದು ಇನ್ನೊಂದು ಕಡೆ ಪೈಥಾನ್3-ಯಾಮಲ್. ಅದು ಆತುಕೊಂಡ ಸಿ ಭಾಷೆಯ ಲೈಬ್ರರಿಗಳನ್ನು ಪೈಥಾನಿನ ಕಟ್ಟುಗಳನ್ನು ತರುವ ಪಿಪ್ ಎಂಬ ಸಾಧನ ತಾನಾಗಿ ಹುಡುಕಿ ತರುವುದಿಲ್ಲ, ಹಾಗಾಗಿ ಆ ಅವಲಂಬನೆ ಎಷ್ಟೋ ಸಲ ಬರೆದೇ ಇರುವುದಿಲ್ಲ. ಡೆಬಿಯನ್ ಮತ್ತು ರೆಡ್ ಹ್ಯಾಟ್ ಕಟ್ಟುಗಳ ನಡುವೆ ದಾಟಿಸುವ ಏಲಿಯನ್ ಎಂಬ ಸಾಧನ, ಅನುಸ್ಥಾಪನೆಯ ಹೊತ್ತಿನಲ್ಲಿ ಓಡಬೇಕಾದ ಸೂಚನೆಗಳನ್ನು ಬಿಡಿಸಿ ಹೇಳದ ಹೊರತು ದಾಟಿಸುವುದಿಲ್ಲ. ಕಟ್ಟಿ ಮುಗಿದ ವ್ಹೀಲಿನಿಂದ ಮೂಲದ ಕಡತಗಳನ್ನು ಪೂರ್ಣವಾಗಿ ಹಿಂಪಡೆಯಲಾಗದು. ಈ ಕಸುಬಿನವರು ಇದನ್ನೆಲ್ಲ ಅರಿತೇ ಮೂಲದ ಕಟ್ಟನ್ನೂ ಪಕ್ಕದಲ್ಲಿಟ್ಟು ಹಂಚುತ್ತಾರೆ. ನಮ್ಮ ಕನ್ನಡದ ನುಡಿ, ಬರಹ ಫಾಂಟುಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದವರಿಗೂ ಈ ಪಾಠ ಗೊತ್ತು: ಯಾವ ಸಾಲಿಗೆ ಯಾವ ಫಾಂಟು ಎಂಬ ಸಂಗತಿ ಕಳೆದುಹೋದರೆ, ನಡುವೆ ಬಂದ ಇಂಗ್ಲಿಷ್ ಪದ ಯಾವುದು, ಕನ್ನಡ ಪದ ಯಾವುದು ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ, ಏಕೆಂದರೆ ಎರಡರ ಸಂಕೇತವೂ ಒಂದೇ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ದಾಟದಿದ್ದರೆ ಏನಾಗುತ್ತಿತ್ತು? ಕನ್ನಡದ ಒಕ್ಕಲಿಗ ತನ್ನದೇ ಹೊಲದ ಕಾಗದವನ್ನು ಓದಲಾರದೆ ಇನ್ನೊಬ್ಬನ ಬಾಯಿಗೆ ಕಿವಿಗೊಟ್ಟು ನಿಲ್ಲಬೇಕಾಗಿತ್ತು. ಆ ಅವಲಂಬನೆಯೇ ದಬ್ಬಾಳಿಕೆಯ ಬೇರು. ಪಹಣಿ ಕನ್ನಡಕ್ಕೆ ಬಂದದ್ದು, ಎಲ್ಲರ ಕೈಗೆ ಸಿಕ್ಕಿದ್ದು ನ್ಯಾಯದ ಕೆಲಸ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ದಾಟಿಸುವುದು ಸರಿ ಎಂದರೆ ದಾಟಿ ಬಂದದ್ದೇ ಸಮಸ್ತ ಎಂದಾಗುವುದಿಲ್ಲ. ತಪ್ಪು ನಡೆದದ್ದು ಹೊಸದನ್ನು ತಂದಾಗಲ್ಲ, ಹೊಸದು ಬಂದೊಡನೆ ಹಳೆಯದನ್ನು ರದ್ದಿ ಎಂದು ಬಗೆದಾಗ. ಇನ್ನು ಕೆಲವರು, ಕಾಲಂಗಳನ್ನು ಹೆಚ್ಚಿಸಿದರೆ ಸಾಕು, ಎಲ್ಲವೂ ದಾಟುತ್ತದೆ ಎನ್ನುತ್ತಾರೆ. ಪಹಣಿಯ ಹನ್ನೊಂದನೆಯ ಕಾಲಂ ಇರುವುದೇ ಇತರೆ ಹಕ್ಕು ಮತ್ತು ಋಣಗಳಿಗಾಗಿ. ಅದರ ಅನುಭವವೇ ಉತ್ತರ ಕೊಡುತ್ತದೆ. ಎಲ್ಲಿಯೂ ಹೊಂದದ್ದನ್ನೆಲ್ಲ ತುಂಬುವ ಕಾಲಂನಲ್ಲಿ ಮಾತು ಇರುತ್ತದೆ, ಸಂಬಂಧ ಇರುವುದಿಲ್ಲ. ಅದನ್ನು ಮನುಷ್ಯ ಓದಬಹುದು, ತಾಳೆ ನೋಡುವ ಯಂತ್ರ ಓದುವುದಿಲ್ಲ. ಮುಂದಿನ ದಾಟಿನಲ್ಲಿ ಮೊದಲು ಬಿದ್ದುಹೋಗುವುದೂ ಅದೇ. 1974ರ ತಿದ್ದುಪಡಿಯ ನಂತರ ಕೃಷಿ ಭೂಮಿಯ ಗೇಣಿಯೇ ಬಹುತೇಕ ನಿಷಿದ್ಧವಾದ್ದರಿಂದ, ಮಾನ್ವಿ, ಸಿರವಾರ, ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಲಾವಣಿಗೆ ಹಿಡಿದು ಉಳುವವನ ಹೆಸರು ಯಾವ ಕಾಲಂಗೂ ಬರುವುದಿಲ್ಲ. ಕಾನೂನು ಕಾಣಬಯಸದ್ದನ್ನು ಎಷ್ಟು ಕಾಲಂ ಹಾಕಿದರೂ ನಮೂನೆ ಕಾಣುವುದಿಲ್ಲ.

2024ರಲ್ಲಿ ಭೂ ಸುರಕ್ಷಾ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭವಾಯಿತು. ಇದು ಮೊದಲಿನ ಮೂರು ದಾಟುಗಳಿಗಿಂತ ಬೇರೆ ಬಗೆಯದು, ಅದಕ್ಕೇ ಹೆಚ್ಚು ಭರವಸೆ ಹುಟ್ಟಿಸುತ್ತದೆ. ಇಲ್ಲಿ ಹಾಳೆಯಿಂದ ಏನನ್ನೂ ಆರಿಸುವುದಿಲ್ಲ; ಶಾಯಿ, ಮೊಹರು, ಅಂಚಿನ ಗೀಚು, ಹೊಡೆದುಹಾಕಿದ ಸಾಲು ಎಲ್ಲವೂ ಚಿತ್ರವಾಗಿ ಉಳಿಯುತ್ತವೆ. ಆದರೆ ಚಿತ್ರ ಹುಡುಕಲು ಸಿಗಬೇಕಾದರೆ ಪ್ರತಿ ಹಾಳೆಗೂ ಊರು, ಸರ್ವೆ ನಂಬರು, ವರ್ಷ, ದಾಖಲೆಯ ಬಗೆ ಎಂದು ಹೆಸರಿಡಬೇಕು. ರಾಯಚೂರು ಸೀಮೆಯಲ್ಲಿ ಆ ಹೆಸರಿಡುವವನು ಉರ್ದು ಓದಬೇಕು. ಅಚ್ಚಿನ ಉರ್ದುವನ್ನಲ್ಲ, ಚುಕ್ಕೆಗಳನ್ನು ಬಿಟ್ಟು ಅಕ್ಷರಗಳನ್ನು ಒಂದಕ್ಕೊಂದು ಎಳೆದು ಬರೆದ ಶಿಕಸ್ತಾ ಕೈಬರಹವನ್ನು. ಅಂಕಿಗಳನ್ನು ರಕಮು ಎಂಬ ಹಳೆಯ ಲೆಕ್ಕದ ಗುರುತುಗಳಲ್ಲಿ ಬರೆದಿದ್ದರೆ ಅದೂ ಬರಬೇಕು. ಈ ಜಿಲ್ಲೆಯಲ್ಲಿ ಉರ್ದು ಶಾಲೆಗಳಿವೆ, ಉರ್ದು ಬಲ್ಲ ಯುವಕರಿಗೆ ಕೊರತೆಯಿಲ್ಲ. ಆದರೆ ಕಚೇರಿಯ ಶಿಕಸ್ತಾ ಬೇರೆಯೇ ವಿದ್ಯೆ, ಅದನ್ನು ಬಲ್ಲವರ ಪಕ್ಕದಲ್ಲಿ ಕೂತು ಕಲಿಯಬೇಕು. ನಿಜಾಮರ ಆಡಳಿತ ಮುಗಿದ 1948ರ ಸೆಪ್ಟೆಂಬರಿನಲ್ಲಿ ಹದಿನೆಂಟರ ಹರೆಯದಲ್ಲಿ ತಹಸೀಲು ಕಚೇರಿಯ ಗುಮಾಸ್ತನಾಗಿ ಸೇರಿದ್ದವನು ಇಂದು ಇದ್ದರೆ, ಅವನಿಗೆ ತೊಂಬತ್ತೈದರ ಆಸುಪಾಸು.